೧೯೮೮ರ ಗಣಕಜಾಲದ ಹುಳು: ಕೆಲವು ವಿಚಾರಗಳು

ಗಣಕಜಾಲಗಳ ಮೇಲಣ ಆಕ್ರಮಣಗಳನ್ನೂ ಅವುಗಳಿಂದ ರಕ್ಷಣೆ ಪಡೆಯುವ ಬಗೆಯನ್ನೂ ಕುರಿತ ಅಧ್ಯಯನಕ್ಕೆ ೧೯೮೮ನೆಯ ಇಸವಿ ನವೆಂಬರ್ ೨ರ ಘಟನೆ ಒಂದು ಮುಖ್ಯ ಘಟ್ಟವೆಂದು ಸಾಮಾನ್ಯವಾಗಿ ಎಣಿಸಲ್ಪಟ್ಟಿದೆ. ಆ ದಿನ ಸಂಜೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಎಂಬಾತನು, ತನ್ನ ಪ್ರತಿಗಳನ್ನು ತಾನೇ ಹರಡಿಕೊಳ್ಳಬಲ್ಲ ಪ್ರೋಗ್ರಾಮೊಂದನ್ನು ಎಂ.ಐ.ಟಿ. ಸಂಸ್ಥೆಯ ಗಣಕದ ಮೂಲಕ ಇಂಟರ್‌ನೆಟ್ಟಿಗೆ ಬಿಟ್ಟನು. ೬,೦೦೦ ಗಣಕಗಳು ಅದಕ್ಕೆ ತುತ್ತಾದುವೆಂಬ ಮಾತು ಗ್ರಂಥದಿಂದ ಗ್ರಂಥಕ್ಕೆ ಸಾಗಿ ಬಂದಿದೆ. ಈ ಸಂಖ್ಯೆಗೆ ಆಧಾರವೇನು? ಅವುಗಳನ್ನು ಯಾರೂ ಎಣಿಸಲಿಲ್ಲ. ಜಾಲದಲ್ಲಿ ಸುಮಾರು ೬೦,೦೦೦ ಗಣಕಗಳಿದ್ದುವೆಂಬುದು ಒಂದು ಊಹೆ. ಹತ್ತರಲ್ಲೊಂದಕ್ಕೆ ಸೋಂಕು ತಗುಲಿರಬಹುದೆಂಬುದು ಇನ್ನೊಂದು ಊಹೆ. ಶಾಸನಗಳಲ್ಲಿ ಸೈನ್ಯದ ಸಂಖ್ಯೆಯನ್ನು ಓದುವಾಗ ನಾವು ವಹಿಸುವ ಎಚ್ಚರವನ್ನು ಇಲ್ಲಿಯೂ ವಹಿಸುವುದು ಯುಕ್ತ.

ಹುಳು ಪ್ರವೇಶಿಸಿದ ದಾರಿಗಳಾದರೋ ನಿಸ್ಸಂದೇಹವಾಗಿ ತಿಳಿದಿವೆ. ಬರ್ಕ್ಲಿ ಪರಂಪರೆಯ ಯೂನಿಕ್ಸ್ ವ್ಯವಸ್ಥೆಯಿದ್ದ ವ್ಯಾಕ್ಸ್ ಮತ್ತು ಸನ್ ಯಂತ್ರಗಳೇ ಅದರ ಗುರಿ. ಅಲ್ಲಿ ‘ಫಿಂಗರ್’ ಎಂಬ ಸೇವೆಯು ಹೊರಗಿನಿಂದ ಬಂದ ಪ್ರಶ್ನೆಯನ್ನು ೫೧೨ ಬೈಟುಗಳ ಸ್ಥಳದಲ್ಲಿ ಇರಿಸುತ್ತಿದ್ದಿತು; ಪ್ರಶ್ನೆಯ ಉದ್ದವನ್ನು ಮಾತ್ರ ಅಳೆಯುತ್ತಿರಲಿಲ್ಲ. ಮಿಕ್ಕಿದ ಅಕ್ಷರಗಳು ಪಕ್ಕದ ಸ್ಮೃತಿಯನ್ನು ಆಕ್ರಮಿಸಿ, ಯಂತ್ರವು ಆಗಂತುಕನ ಆಜ್ಞೆಯನ್ನೇ ನಡೆಸುವಂತೆ ಮಾಡುತ್ತಿದ್ದುವು. ಅಂಚೆಯನ್ನು ಸಾಗಿಸುವ ‘ಸೆಂಡ್‌ಮೇಲ್’ನಲ್ಲಿ ದೋಷಪರೀಕ್ಷೆಗಾಗಿ ಇಟ್ಟಿದ್ದ ಬಾಗಿಲು ಅನೇಕ ಕಡೆ ತೆರೆದೇ ಇದ್ದಿತು. ಗೂಢೀಕರಿಸಿದ ಗುಪ್ತಪದಗಳ ಕಡತವನ್ನು ಯಾವ ಬಳಕೆದಾರನಾದರೂ ಓದಬಹುದಾಗಿದ್ದುದರಿಂದ, ಹುಳು ಬಳಕೆದಾರರ ಹೆಸರುಗಳನ್ನೂ ತನ್ನಲ್ಲಿದ್ದ ೪೩೨ ಪದಗಳ ಪಟ್ಟಿಯನ್ನೂ ಒಂದೊಂದಾಗಿ ಹೋಲಿಸಿ ನೋಡುತ್ತಿದ್ದಿತು. ಅದು ಕಡತಗಳನ್ನು ನಾಶಮಾಡಲಿಲ್ಲ. ಹಾನಿಗೆ ಕಾರಣ ಬೇರೆ. ಯಂತ್ರದಲ್ಲಿ ತನ್ನ ಪ್ರತಿಯೊಂದು ಮೊದಲೇ ಇದೆಯೇ ಎಂದು ಅದು ವಿಚಾರಿಸುತ್ತಿದ್ದರೂ, ಸುಳ್ಳು ಉತ್ತರಕ್ಕೆ ಮೋಸಹೋಗದಿರಲೆಂದು ಏಳರಲ್ಲೊಂದು ಬಾರಿ ಉತ್ತರವನ್ನು ಲೆಕ್ಕಿಸದೆ ಉಳಿದುಬಿಡುತ್ತಿದ್ದಿತು. ಈ ಪ್ರಮಾಣವು ತೀರ ಹೆಚ್ಚಾಗಿ, ಪ್ರತಿಗಳ ಭಾರದಿಂದಲೇ ಯಂತ್ರಗಳು ಸ್ತಬ್ಧವಾದುವು.

ಬರ್ಕ್ಲಿ, ಎಂ.ಐ.ಟಿ., ಪರ್ಡ್ಯೂ ಮುಂತಾದೆಡೆಗಳ ವಿದ್ವಾಂಸರಿಗೆ ದೊರೆತದ್ದು ಯಂತ್ರಭಾಷೆಯ ಪ್ರತಿ ಮಾತ್ರ. ಅದರಿಂದ ಮೂಲರೂಪವನ್ನು ಊಹಿಸಿ ಪುನಾರಚಿಸಬೇಕಾಯಿತು. ಭ್ರಷ್ಟಪಾಠಗಳಿಂದ ಶುದ್ಧಪಾಠವನ್ನು ಸಾಧಿಸುವ ನಮ್ಮ ಗ್ರಂಥಸಂಪಾದಕರ ಕಾರ್ಯಕ್ಕೂ ಇದಕ್ಕೂ ದೂರದ ನೆಂಟಸ್ತಿಕೆಯುಂಟು. ೩ನೆಯ ತಾರೀಖಿನ ನಸುಕಿನಲ್ಲಿಯೇ ಬರ್ಕ್ಲಿಯಿಂದ ಪರಿಹಾರಗಳು ಹೊರಟವು. ಆದರೆ ಭಯಗೊಂಡ ಅನೇಕ ಸಂಸ್ಥೆಗಳು ಜಾಲದಿಂದ ತಮ್ಮನ್ನು ಕಡಿದುಕೊಂಡಿದ್ದುವು. ರೋಗವನ್ನು ತಡೆಯಲು ಮುಚ್ಚಿದ ಬಾಗಿಲು ಔಷಧವನ್ನೂ ತಡೆಯಿತು. ಅದೇ ನಸುಕಿನಲ್ಲಿ ಹಾರ್ವರ್ಡಿನಲ್ಲಿದ್ದ ಮಾರಿಸನ ಮಿತ್ರನೊಬ್ಬನು ತಡೆಯುವ ಉಪಾಯವನ್ನು ತಿಳಿಸಿ ಕಳುಹಿದ ಅನಾಮಧೇಯ ಪತ್ರವು ಒಂದು ದಿನಕ್ಕೂ ಮೀರಿ ದಾರಿಯಲ್ಲಿಯೇ ಉಳಿಯಿತು.

ಹೀಗೆ ತಿಳಿದುಬಂದುದನ್ನು ಪ್ರಕಟಿಸಬೇಕೆ, ಬೇಡವೆ? ಪರ್ಡ್ಯೂವಿನ ಯೂಜೀನ್ ಸ್ಪಾಫರ್ಡ್ ಅದೇ ವರ್ಷದ ಕೊನೆಯಲ್ಲಿ ಬರೆದ ವರದಿಯು ಹುಳುವಿನ ಪ್ರತಿಯೊಂದು ಅಂಗವನ್ನೂ ವಿವರಿಸಿತು. ಜಾಲದ ಯಂತ್ರಗಳು ಆಗ ಇನ್ನೂ ದುರ್ಬಲವಾಗಿದ್ದುದರಿಂದ ಮೂಲಪಾಠವನ್ನು ಬಹುಮಟ್ಟಿಗೆ ಕೊಡಲಿಲ್ಲ. ಈ ಮಧ್ಯಮಮಾರ್ಗವನ್ನು ಪೂರ್ಣವಾಗಿ ಒಪ್ಪಲು ನಮಗೆ ಮನಸ್ಸಾಗದು. ಹುಳುವಿನ ಪ್ರತಿಗಳು ಆಗಲೇ ಊರೂರಿನ ಯಂತ್ರಗಳಲ್ಲಿ ಬಿದ್ದಿದ್ದುವಾಗಿ, ಕೌಶಲವುಳ್ಳ ದುಷ್ಟನಿಗೆ ಅದು ಅಲಭ್ಯವಾಗಿರಲಿಲ್ಲ. ಕೈಗೆ ಸಿಗದಿದ್ದುದು ಪ್ರಾಯಶಃ ವಿದ್ಯಾರ್ಥಿಗೆ. ಆದರೂ ವಿವರಣೆಯನ್ನೇ ಅಡಗಿಸಬೇಕೆನ್ನುವ ಪಕ್ಷಕ್ಕಿಂತ ಇದು ಮೇಲೆಂಬುದರಲ್ಲಿ ಸಂಶಯವಿಲ್ಲ. ಗುಪ್ತಪದಗಳ ಕಡತವನ್ನು ಎಲ್ಲರ ಕಣ್ಣಿಂದ ಮರೆಮಾಡುವ ಪದ್ಧತಿ ವ್ಯಾಪಕವಾದುದು ಇಂತಹ ವಿವರಣೆಗಳು ಬೆಳಕಿಗೆ ಬಂದಮೇಲೆಯೇ.

ಆ ತಿಂಗಳಿನಲ್ಲಿಯೇ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾಂಗವಾದ ‘ಡಾರ್ಪಾ’ ಸಂಸ್ಥೆಯು ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ‘ಸರ್ಟ್’ ಎಂಬ ತುರ್ತು ತಂಡವನ್ನು ಏರ್ಪಡಿಸಿತು. ಅದೇ ಮಾದರಿಯ ‘ಸರ್ಟ್-ಇನ್’ ಭಾರತದಲ್ಲಿ ೨೦೦೪ರಲ್ಲಿ ಕಾರ್ಯಾರಂಭ ಮಾಡಿತು. ಮಾರಿಸನು ೧೯೮೬ರ ಕಾಯಿದೆಯ ಮೇರೆಗೆ ೧೯೯೦ರಲ್ಲಿ ಅಪರಾಧಿಯೆಂದು ನಿರ್ಣಯಿಸಲ್ಪಟ್ಟು, ಮೂರು ವರ್ಷಗಳ ಪರಿವೀಕ್ಷಣೆ, ೪೦೦ ಗಂಟೆಗಳ ಸಮಾಜಸೇವೆ ಮತ್ತು ೧೦,೦೫೦ ಡಾಲರ್ ದಂಡಕ್ಕೆ ಒಳಗಾದನು. ಹಾನಿಮಾಡುವ ಉದ್ದೇಶ ತನಗಿರಲಿಲ್ಲವೆಂಬ ಆತನ ವಾದವನ್ನು ೧೯೯೧ರಲ್ಲಿ ಮೇಲ್ಮನವಿ ನ್ಯಾಯಾಲಯವು ಅಂಗೀಕರಿಸಲಿಲ್ಲ; ಅನುಮತಿಯಿಲ್ಲದೆ ಪ್ರವೇಶಿಸುವ ಉದ್ದೇಶವಿದ್ದರೆ ಸಾಕೆಂದು ಅದು ತೀರ್ಪಿತ್ತಿತು.