ಹಳಿಯಾಚೆಯ ಗಿಬ್ಬನ್ ಕುಟುಂಬ

ಬಂಗಾರಪೇಟೆಗೆ ಆ ಹೆಸರು ಬಂಗಾರದಿಂದ ಬಂದದ್ದಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆ ಆಗಿತ್ತು. ನಮ್ಮವರ ನಾಲಿಗೆಯಲ್ಲಿ ತಿರುಗಿ ತಿರುಗಿ, ಪಕ್ಕದಲ್ಲೇ ಚಿನ್ನ ಸಿಗುತ್ತಿದ್ದುದರಿಂದಲೋ ಏನೋ, ಬಂಗಾರಪೇಟೆಯಾಗಿ ನಿಂತಿತು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ಬಂದ ರೈಲು ಈ ಊರನ್ನು ಹಾದು ಹೋಗುತ್ತಿತ್ತು, ಅಷ್ಟೆ. ಊರಿಗೆ ಕಳೆ ಬಂದದ್ದು 1894ರಲ್ಲಿ, ಇಲ್ಲಿಂದ ಮಾರಿಕುಪ್ಪಂವರೆಗೆ ಚಿನ್ನದ ಗಣಿಗಳಿಗಾಗಿ ಕವಲು ಮಾರ್ಗ ಹಾಕಿದಾಗ. ಕಲ್ಲಿದ್ದಲು, ಯಂತ್ರ, ಸಿಡಿಮದ್ದು, ಉತ್ತರ ಆರ್ಕಾಟಿನ ಕೂಲಿಗಳು ಒಳಗೆ ಹೋದರು; ಚಿನ್ನ ಹೊರಗೆ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಹಳಿ ಮಾತ್ರ ಉಳಿಯಿತು. ಇವತ್ತಿಗೂ ಬೆಳಕು ಹರಿಯುವ ಮೊದಲೇ ಕೆಜಿಎಫ್‌ನ ಸಾವಿರಾರು ಜನ ಅದರ ಮೇಲೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುತ್ತಾರೆ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗೆ ಇಳಿಯುತ್ತಿದ್ದರು, ಅಪ್ಪ ಈ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿದರು. ನಮ್ಮ ಮನೆಯ ಎರಡು ತಲೆಮಾರಿನ ಚರಿತ್ರೆ ಇಷ್ಟರಲ್ಲೇ ಮುಗಿಯುತ್ತದೆ.

ಒಂದೇ ಸರಕಿಗಾಗಿ ಹಾಕಿದ ಇಂಥ ರೈಲು ಮಾರ್ಗಗಳು ನನ್ನ ಪಿಎಚ್‌ಡಿಯ ವಿಷಯ. ಕೋಲಾರದ ಚಿನ್ನಕ್ಕೆ ಹೋಲಿಕೆಯಾಗಿ ಅಸ್ಸಾಮಿನ ಚಹಾ ರೈಲುಗಳ ಬಗ್ಗೆ ಓದುತ್ತಿದ್ದೆ. ಓದುತ್ತ ಒಂದು ಕಡೆ ನಿಂತುಬಿಟ್ಟೆ. 1880ರ ದಶಕದಲ್ಲಿ ಹಾಕಿದ ಒಂದು ಮಾರ್ಗ ಕಾಡೊಂದನ್ನು ಎರಡಾಗಿ ಸೀಳಿತ್ತು. ಆ ಕಾಡಿನ ಗಿಬ್ಬನ್‌ಗಳು ಈಗಲೂ ಆ ಹಳಿಯನ್ನು ದಾಟಲಾಗದೆ ಎರಡೂ ಬದಿಯಲ್ಲಿ ಹಂಚಿಹೋಗಿವೆ. ಕಡತಗಳಲ್ಲಿ ಟನ್ನು, ರೂಪಾಯಿ, ಮೈಲಿಗಳೇ ಸಿಗುತ್ತವೆ. ಹಳಿಯ ಆಚೆ ಉಳಿದುಹೋದವರ ಲೆಕ್ಕ ಸಿಗುವುದು ಅಪರೂಪ. ಹೋಗಿ ನೋಡಬೇಕೆನಿಸಿತು.

ಗಿಬ್ಬನ್ ಎಂದರೆ ಕೋತಿಯಲ್ಲ. ಮಂಗ, ಮುಸುವ, ಸಿಂಗಳೀಕ ಎಂದು ಬಾಲವಿರುವವಕ್ಕೆಲ್ಲ ಬೇರೆ ಬೇರೆ ಹೆಸರಿಟ್ಟಿರುವ ಕನ್ನಡದಲ್ಲಿ ಬಾಲವಿಲ್ಲದ ಈ ಬಳಗಕ್ಕೆ ಮನೆಮಾತಿನ ಹೆಸರೇ ಇಲ್ಲ. ವಾನರ ಎಂದರೆ ಹನುಮಂತ ಎದುರು ನಿಲ್ಲುತ್ತಾನೆ, ಅವನಿಗೋ ಬಾಲವೇ ಪ್ರತಾಪ. ನಮ್ಮ ಕಾಡುಗಳಲ್ಲಿ ಇವು ಇರಲಿಲ್ಲ, ಹಾಗಾಗಿ ಹೆಸರೂ ಬೇಕಾಗಲಿಲ್ಲ. ಚಿಕ್ಕಂದಿನಲ್ಲಿ ನಾನು ನೋಡಿದ್ದ ಇಂಥ ಜೀವಿಯೆಂದರೆ ಮೈಸೂರು ಮೃಗಾಲಯದ ಒಂಟಿ ಗೊರಿಲ್ಲಾ ಪೋಲೋ, ಅದೂ ಕಂದಕದ ಆಚೆಯಿಂದ. ಭಾರತದ ಕಾಡಿನಲ್ಲಿ ಇವನ್ನು ನೋಡಬೇಕೆಂದರೆ ಈಶಾನ್ಯಕ್ಕೇ ಹೋಗಬೇಕು. ಅಲ್ಲಿರುವುದು ಹೂಲಾಕ್ ಗಿಬ್ಬನ್.

ಬೆಂಗಳೂರಿನಿಂದ ಗುವಾಹಟಿ, ಅಲ್ಲಿಂದ ಮರಿಯಾನಿ ಜಂಕ್ಷನ್, ಮತ್ತೆ ಆಟೋದಲ್ಲಿ ಚಹಾ ತೋಟಗಳ ನಡುವೆ ಮೇಲೆಂಗ್. ಜೋರ್ಹಾಟ್ ಜಿಲ್ಲೆಯ ಹೊಲ್ಲೊಂಗಾಪಾರ್ ಗಿಬ್ಬನ್ ಅಭಯಾರಣ್ಯ ಇರುವುದು ಇಲ್ಲಿ. ರಾಷ್ಟ್ರೀಯ ಉದ್ಯಾನವೇನಲ್ಲ; ಒಟ್ಟು ವಿಸ್ತೀರ್ಣ 21 ಚದರ ಕಿಲೋಮೀಟರಿಗೂ ಒಂದಿಷ್ಟು ಕಡಿಮೆ. 1881ರಲ್ಲಿ ಮೀಸಲು ಅರಣ್ಯವಾಯಿತು, 1997ರಲ್ಲಿ ಅಭಯಾರಣ್ಯವಾಯಿತು. ನಡುವಿನ ಕಾಲದಲ್ಲಿ ಸುತ್ತಲಿನ ಕಾಡನ್ನು ಚಹಾ ನುಂಗಿತು. ಅತ್ತ ನಾಗಾ ಬೆಟ್ಟಗಳವರೆಗೆ ಹಬ್ಬಿದ್ದ ಕಾಡು ಹೀಗೆ ಹಸಿರು ತೋಟಗಳ ನಡುವಿನ ದ್ವೀಪವಾಯಿತು. ಇಷ್ಟು ಪುಟ್ಟ ಜಾಗದಲ್ಲಿ ಏಳು ಬಗೆಯ ಕಪಿಬಳಗಗಳಿವೆ, ರಾತ್ರಿ ಓಡಾಡುವ ಕಾಡುಪಾಪವೂ ಸೇರಿ.

ಬೆಳಿಗ್ಗೆ ಬಂದೂಕು ಹಿಡಿದ ಅರಣ್ಯ ರಕ್ಷಕರೊಬ್ಬರು ಜೊತೆಗೆ ಬಂದರು. ಬಂದೂಕು ಆನೆಗಳಿಗೆ ಹೆದರಿ. ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ತುರುಕಿಕೊಂಡಿದ್ದರೂ ಜಿಗಣೆಗಳು ದಾರಿ ಕಂಡುಕೊಂಡವು. ಕೋಲಾರದ ಕಡೆಯವನಿಗೆ ಈ ತೇವವೇ ವಿಚಿತ್ರ. ನಮ್ಮಲ್ಲಿ ಬೆಟ್ಟ ಎಂದರೆ ಸೈನೈಡ್ ದಿಬ್ಬ. ಗಾಳಿ ಬೀಸಿದರೆ ಬೂದಿ ಬಣ್ಣದ ಪುಡಿ ಮನೆಯ ಅನ್ನದ ತಟ್ಟೆಗೆ ಬರುತ್ತದೆ. ಇಲ್ಲಿ ನೆತ್ತಿಯ ಮೇಲೆ ಎಲ್ಲೋ ಹೊಲ್ಲೊಂಗ್ ಮರಗಳ ತುದಿ, ಕಾಲ ಕೆಳಗೆ ಕೊಳೆತ ಎಲೆಯ ಮೆತ್ತೆ.

ಮೊದಲು ಸಿಕ್ಕಿದ್ದು ದನಿ. ಹೂ-ಕೂ, ಹೂ-ಕೂ ಎಂದು ಒಂದು ಶುರುಮಾಡಿತು, ಇನ್ನೊಂದು ಮೇಲಿನ ಸ್ಥಾಯಿಯಲ್ಲಿ ಅದನ್ನು ಹಿಡಿದುಕೊಂಡಿತು. ಆಮೇಲೆ ಯಾರದು ಯಾವುದು ಎಂದು ಬಿಡಿಸಲಾಗದಂತೆ ಇಡೀ ಕಾಡು ಕೂಗತೊಡಗಿತು. ಗಂಡು ಹೆಣ್ಣು ಜೋಡಿಯಾಗಿ ಹಾಡುವುದು, 'ಇದು ನಮ್ಮ ಜಾಗ' ಎಂದು ಅಕ್ಕಪಕ್ಕದವರಿಗೆ ಹೇಳುವುದು ಅವುಗಳ ದಿನಚರಿ. ಹಾಡು ನಿಂತ ಮೇಲೆ ರಕ್ಷಕರು ಬೆರಳು ತೋರಿದರು. ಆಲದ ಜಾತಿಯ ಮರವೊಂದರಲ್ಲಿ ಹಣ್ಣು ಕೀಳುತ್ತ ಕೂತ ಕರಿಯ ಗಂಡು, ಬಿಳಿಯ ಹುಬ್ಬು. ತುಸು ಕೆಳಗೆ ಕಂದು ಬಣ್ಣದ ಹೆಣ್ಣು, ಅದರ ಹೊಟ್ಟೆಗೆ ಅಂಟಿಕೊಂಡ ಮಸುಕು ಬಿಳಿಯ ಮರಿ. ಮರಿ ಬೆಳೆಯುತ್ತ ಕಪ್ಪಾಗುತ್ತದೆ. ಹೆಣ್ಣಾದರೆ ಪ್ರಾಯಕ್ಕೆ ಬರುವಾಗ ಮತ್ತೆ ಕಂದಾಗುತ್ತದೆ. ಗಂಡು ಹೊರಟಾಗ ನಾನು ಉಸಿರು ಹಿಡಿದೆ. ಅದು ನೆಗೆಯಲಿಲ್ಲ. ಒಂದು ಕೈ ಬಿಟ್ಟಿತು, ಇನ್ನೊಂದು ಕೈ ಮುಂದಿನ ಕೊಂಬೆಯಲ್ಲಿತ್ತು. ನಾಲ್ಕು ಸಲ ಹೀಗೆ ಬೀಸಿ ಕಣ್ಮರೆ. ಕೊಂಬೆಗಳು ಮಾತ್ರ ತೂಗುತ್ತಿದ್ದವು.

ನೆಲ ಅವುಗಳ ಪಾಲಿಗೆ ಇಲ್ಲವೇ ಇಲ್ಲ ಎನ್ನಬಹುದು. ಊಟ, ನಿದ್ದೆ, ಸಂಸಾರ ಎಲ್ಲ ಮರದ ಮೇಲೆ. ಅಂಥವಕ್ಕೆ ಹಳಿ ಎಂದರೆ ಏನೆಂದು ಅರ್ಥವಾಗಬೇಕಾದರೆ ಹಳಿಯ ಪಕ್ಕ ನಿಲ್ಲಬೇಕು. ಕಾಡಿನೊಳಗೆ ಅದು ಹೋಗುವುದು 1.65 ಕಿಲೋಮೀಟರ್ ಮಾತ್ರ. ನನ್ನಂಥವನು ಹತ್ತು ಹೆಜ್ಜೆಯಲ್ಲಿ ದಾಟಬಲ್ಲ. ಆದರೆ ಮೇಲೆ ನೋಡಿದರೆ ಆಕಾಶದ ಒಂದು ಉದ್ದ ಪಟ್ಟಿ, ಹಿಡಿಯಲು ಏನೂ ಇಲ್ಲ. ಆಚೆಯ ಸಣ್ಣ ತುಂಡಿನಲ್ಲಿ ಬೆರಳೆಣಿಕೆಯಷ್ಟು ಗಿಬ್ಬನ್‌ಗಳಿವೆ. ಬೆಳೆದ ಮರಿ ತಾಯ್ತಂದೆಯರನ್ನು ಬಿಟ್ಟು ಜೋಡಿ ಹುಡುಕಿ ಹೊರಡುವುದು ಇವುಗಳ ಪದ್ಧತಿ. ಅಲ್ಲಿ ಹುಟ್ಟಿದ್ದು ಎಲ್ಲಿಗೆ ಹೋಗಬೇಕು? ಹಿಂದೊಮ್ಮೆ ಹಳಿಯ ಮೇಲೆ ಒಂದು ಕಬ್ಬಿಣದ ಸೇತುವೆ ಕಟ್ಟಿಕೊಟ್ಟರು. ಗಿಬ್ಬನ್‌ಗಳು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಟಿಪ್ಪಣಿ ಬರೆಯುವಾಗ ನನ್ನನ್ನು ಕಾಡಿದ್ದು ಎರಡು ಊರುಗಳ ಹೋಲಿಕೆಗಿಂತ ವ್ಯತ್ಯಾಸ. ಹೋಲಿಕೆ ಸುಲಭ: ಓಡಿಹೋದ ಕೂಲಿಯನ್ನು ತಾನೇ ಹಿಡಿದು ತರುವ ಅಧಿಕಾರವನ್ನು 1865ರ ಕಾಯ್ದೆ ಅಸ್ಸಾಮಿನ ತೋಟಗಾರನಿಗೆ ಕೊಟ್ಟಿತ್ತು, ಕೆಜಿಎಫ್‌ನಲ್ಲಿ ಗಣಿ ಕಂಪನಿಗಳು ಬೆರಳಚ್ಚು ಕೇಳಿದಾಗ ಕಾರ್ಮಿಕರು 1930ರಲ್ಲಿ ವಾರಗಳ ಕಾಲ ಮುಷ್ಕರ ಹೂಡಿದರು. ಇಂಥವು ಪ್ರಬಂಧದಲ್ಲಿ ಒಂದು ಅಧ್ಯಾಯವಾಗುತ್ತವೆ. ಆದರೆ ಹಳಿ ನಮ್ಮವರನ್ನು ಗಣಿಗೆ ಕಟ್ಟಿಹಾಕಿದ್ದರೂ, ಗಣಿ ಮುಚ್ಚಿದ ಮೇಲೆ ಹಿಡಿದುಕೊಳ್ಳಲು ಸಿಕ್ಕ ಕೊಂಬೆಯೂ ಅದೇ. ಅಪ್ಪ ಅದನ್ನು ಹಿಡಿದೇ ನನ್ನನ್ನು ಓದಿಸಿದ್ದು. ಗಿಬ್ಬನ್‌ಗೆ ಆ ಹಳಿ ಕೊಟ್ಟದ್ದು ಏನೂ ಇಲ್ಲ. ಕೆಲಸ ಮಾಡಿಸಿಕೊಳ್ಳಲಿಲ್ಲ, ಕೂಲಿ ಕೊಡಲಿಲ್ಲ, ಮುಷ್ಕರಕ್ಕೆ ಆಸ್ಪದವೂ ಇರಲಿಲ್ಲ. ಕಾರ್ಮಿಕರ ಚರಿತ್ರೆಯಿಂದ ನಾನು ಕಲಿತ ಪದಗಳು ಇಲ್ಲಿ ಅರ್ಧಕ್ಕೆ ನಿಲ್ಲುತ್ತವೆ.

ಈಗ ಅಲ್ಲಿ ನಡೆದಿರುವ ಕೆಲಸ ನಿಧಾನದ್ದು. ಎರಡೂ ಬದಿಯಲ್ಲಿ ಮರ ಬೆಳೆಸಿ, ತುದಿಗಳು ಹಳಿಯ ಮೇಲೆ ಒಂದನ್ನೊಂದು ಮುಟ್ಟುವಂತೆ ಬಿಡುವುದು. ಒಂದೆರಡು ಕಡೆ ಕೊಂಬೆಗಳ ನಡುವೆ ಇನ್ನು ಸ್ವಲ್ಪವೇ ಬಾಕಿ ಎಂಬಂತೆ ಕಂಡಿತು. ಇದರ ಜೊತೆಗೇ ಆ ಮಾರ್ಗದ ವಿದ್ಯುದೀಕರಣದ ಯೋಜನೆಯೂ ಬಂದಿದೆ. ತಂತಿ ಎಳೆದ ಮೇಲೆ ಅದರ ಹತ್ತಿರ ಬಾಗುವ ಕೊಂಬೆಗಳನ್ನು ಕಡಿಯುವುದು ರೈಲ್ವೆಯ ಮಾಮೂಲಿ ನಿಯಮ. ರಕ್ಷಕರನ್ನು ಈ ಬಗ್ಗೆ ಕೇಳಿದೆ. ಅವರು ಮೇಲಿನ ಕೊಂಬೆಯನ್ನೂ ಹಳಿಯನ್ನೂ ಒಂದು ಸಲ ನೋಡಿ, ಗಾಡಿ ಬರುವ ಹೊತ್ತಾಯಿತು, ಪಕ್ಕಕ್ಕೆ ಬನ್ನಿ ಎಂದರು.