ಅಂಕಿಗಳ ವಿರುದ್ಧ ನಡೆದ ಚಳವಳಿ

ಹೊಸ ಯಂತ್ರ ಬಂದಾಗ ಬೇಡವೆನ್ನುವವರು ಓದುಬರಹ ಬಾರದವರು ಎಂಬ ಭಾವನೆ ನಮ್ಮಲ್ಲಿದೆ. ದೂರವಾಣಿಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಮೊದಲು ಅಮೆರಿಕದಲ್ಲಿ ರಿಸೀವರ್ ಎತ್ತಿ ಆಪರೇಟರಿಗೆ ನಂಬರ್ ಹೇಳಿದರೆ ಸಾಕಿತ್ತು. ನಂತರ ಕೈಯಿಂದ ತಿರುಗಿಸುವ ಡಯಲ್ ಬಂತು. 1930ರಲ್ಲಿ ಆ ದೇಶದ ಸೆನೆಟ್ ಸಭೆಯ ಕಚೇರಿಗಳಿಗೂ ಡಯಲ್ ಫೋನ್ ಹಾಕಿದಾಗ ಸೆನೆಟರ್ ಕಾರ್ಟರ್ ಗ್ಲಾಸ್ ಅದನ್ನು ತೆಗೆಸಬೇಕೆಂದು ನಿರ್ಣಯ ಮಂಡಿಸಿದರು. ಆಪರೇಟರ್ ಮಾಡಬೇಕಾದ ಕೆಲಸವನ್ನು ಸದಸ್ಯರೇ ಮಾಡುವಂತಾಗಿದೆ ಎಂಬುದು ದೂರು. ಸಭೆ ಒಪ್ಪಿತು. ಡಯಲೇ ಬೇಕೆಂಬ ಸದಸ್ಯರೂ ಇದ್ದುದರಿಂದ, ಕೊನೆಗೆ ಎರಡೂ ಬಗೆಯಲ್ಲಿ ನಡೆಯುವ ಫೋನ್ ಕೊಟ್ಟು ರಾಜಿಯಾಯಿತು.

ದೊಡ್ಡ ಜಗಳ ಬಂದದ್ದು 1962ರಲ್ಲಿ. ಅಲ್ಲಿಯವರೆಗೆ ದೊಡ್ಡ ನಗರಗಳ ಫೋನ್ ನಂಬರಿನ ಮುಂದೆ ಎಕ್ಸ್‌ಚೇಂಜಿನ ಹೆಸರು ಇರುತ್ತಿತ್ತು. ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ಹೋಟೆಲಿನ ನಂಬರು ‘ಪೆನ್ಸಿಲ್ವೇನಿಯಾ 6-5000’. ಡಯಲಿನಲ್ಲಿ ಅಂಕಿಗಳ ಜೊತೆ ಇಂಗ್ಲಿಷ್ ಅಕ್ಷರಗಳೂ ಇದ್ದವು. ‘ಪಿ’ ಇದ್ದದ್ದು 7ರಲ್ಲಿ, ‘ಇ’ ಇದ್ದದ್ದು 3ರಲ್ಲಿ. ಹೆಸರಿನ ಮೊದಲ ಎರಡು ಅಕ್ಷರ ತಿರುಗಿಸಿದರೆ ಒಟ್ಟು 736-5000 ಆಗುತ್ತಿತ್ತು. ಹೆಸರು ನೆನಪಿದ್ದರೆ ನಂಬರು ಅರ್ಧ ನೆನಪಿದ್ದಂತೆ.

ಬೆಲ್ ಕಂಪನಿ 1958ರಿಂದ ಈ ಹೆಸರುಗಳನ್ನು ತೆಗೆದು ಏಳೂ ಸ್ಥಾನಗಳಿಗೆ ಅಂಕಿಗಳನ್ನೇ ಕೊಡತೊಡಗಿತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜನ ‘ಅಂಕಿ ಡಯಲಿಂಗ್ ವಿರೋಧಿ ಸಂಘ’ ಕಟ್ಟಿದರು. ಭಾಷಾ ವಿದ್ವಾಂಸ ಎಸ್. ಐ. ಹಯಕಾವಾ ಅವರಂಥ ಪ್ರಾಧ್ಯಾಪಕರೂ ಸೇರಿದರು. ಮುಂದೆ ಇವರೇ ಸೆನೆಟರ್ ಆದರು. ಸಾಲು ಅಂಕಿಗಳನ್ನು ನೆನಪಿಡುವುದು ಕಷ್ಟ, ಯಂತ್ರದ ಅನುಕೂಲಕ್ಕೆ ಮನುಷ್ಯರನ್ನು ಬಗ್ಗಿಸಬಾರದು ಎಂಬುದು ಅವರ ವಾದ.

ಕಂಪನಿಯ ಲೆಕ್ಕವೂ ಸುಳ್ಳಲ್ಲ. ಡಯಲಿನ 5, 7, 9ರಲ್ಲಿ ಇಂಗ್ಲಿಷಿನ ಎ, ಇ, ಐ, ಒ, ಯು ಎಂಬ ಸ್ವರಗಳು ಒಂದೂ ಇಲ್ಲ. ಹೀಗಾಗಿ 57, 95ರಂಥ ಜೋಡಿಗಳಿಂದ ಶುರುವಾಗುವ ಹೆಸರು ಸಿಗುವುದೇ ಕಷ್ಟ. ಹೆಸರಿಗೆ ಅಂಟಿಕೊಂಡರೆ ಆ ನಂಬರುಗಳೆಲ್ಲ ಬಳಕೆಗೆ ಬರುತ್ತಿರಲಿಲ್ಲ. ಫೋನ್ ಕೇಳುವವರೋ ದಿನೇ ದಿನೇ ಹೆಚ್ಚುತ್ತಿದ್ದರು. ಕೊನೆಗೆ ಅಂಕಿಯೇ ಉಳಿಯಿತು.

ನಮ್ಮ ದೇಶಕ್ಕೂ ಇದೇ ಕಾರಣ ಬಂತು. ಮೊಬೈಲ್ ನಂಬರುಗಳಿಗೆ ಜಾಗ ಮಾಡಲು 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮವಾಯಿತು.

ಸ್ಯಾನ್‌ಫ್ರಾನ್ಸಿಸ್ಕೋದವರು ಸೋತರು, ನಿಜ. ಆದರೆ ಇಂದು ನಾವು ಯಾರ ನಂಬರನ್ನೂ ನೆನಪಿಡುವುದಿಲ್ಲ; ಮೊಬೈಲಿನಲ್ಲಿ ‘ಅಮ್ಮ’ ಎಂದು ಹುಡುಕಿ ಒತ್ತುತ್ತೇವೆ. ಅಂಕಿ ಯಂತ್ರಕ್ಕೆ, ಹೆಸರು ಮನುಷ್ಯರಿಗೆ ಎಂಬ ಏರ್ಪಾಡು ತಡವಾಗಿ ಬಂತು. ಅವರು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ನಮ್ಮ ಶಾಲೆಯಿಂದ ಎಂಜಿನಿಯರಿಂಗ್ ಓದಲು ಹೋಗುವ ತಮ್ಮ ತಂಗಿಯರಿಗೆ ಇದನ್ನು ಹೇಳಬೇಕೆನಿಸಿತು. ನಾಳೆ ನೀವು ಮಾಡಿದ ಆ್ಯಪ್ ಹಿಡಿದು ಊರಿನ ಹಿರಿಯರೊಬ್ಬರು ‘ಇದು ನಮಗೆ ಆಗುವುದಿಲ್ಲಪ್ಪ’ ಎಂದರೆ, ಅವರಿಗೆ ತಿಳಿಯದು ಎಂದು ತಳ್ಳಿಹಾಕಬೇಡಿ. ಯಾವ ಕೆಲಸವನ್ನು ನೀವು ಅವರ ತಲೆಗೆ ಕಟ್ಟಿದ್ದೀರಿ ಎಂದು ಒಮ್ಮೆ ನೋಡಿ.