ಹಿಮದ ನಡುವೆ ಬಿಸಿಯಾಗಿ ಕೆಡುವ ಎಂಜಿನ್

ಕೆನಡಾದಲ್ಲಿ ಹಳೆಯ ಸ್ನೋಮೊಬೈಲನ್ನು, ಅಂದರೆ ಹಿಮವಾಹನವನ್ನು, ಕೊಳ್ಳಲು ಹೊರಟವನಿಗೆ ಆಗಾಗ ಕೇಳಿಬರುವ ಮಾತೊಂದಿದೆ: "ಗಾಡಿ ಚೆನ್ನಾಗಿದೆ, ಎಂಜಿನ್ನಿನದು ಮಾತ್ರ ಸ್ವಲ್ಪ ತೊಂದರೆ." ಕೊಳ್ಳಬೇಕೆ, ಬಿಡಬೇಕೆ? ಮುಂದೆ ಎರಡು ಜಾರುಪಟ್ಟಿ, ಹಿಂದೆ ಸುತ್ತುವ ರಬ್ಬರ್ ಪಟ್ಟಿ, ನಡುವೆ ಎಂಜಿನ್ ಇರುವ ಈ ವಾಹನದ ಚರಿತ್ರೆಯನ್ನು ನೋಡಿದರೆ, ಇಂಥದೇ ಪ್ರಶ್ನೆ ನೂರು ವರ್ಷಗಳ ಹಿಂದೆಯೇ ಎದ್ದಿತ್ತೆಂದು ತಿಳಿಯುತ್ತದೆ.

ಅಂಟಾರ್ಕ್ಟಿಕದಲ್ಲಿ ಮೋಟಾರು

ಬ್ರಿಟನ್ನಿನ ರಾಬರ್ಟ್ ಸ್ಕಾಟ್ ದಕ್ಷಿಣ ಧ್ರುವ ಯಾತ್ರೆಗೆ ಮೂರು ಮೋಟಾರು ಜಾರುಬಂಡಿಗಳನ್ನು ಒಯ್ದಿದ್ದನು. 1910ರಲ್ಲಿ ನಾರ್ವೆಯ ಹಿಮದಲ್ಲಿ ಇವುಗಳ ಪರೀಕ್ಷೆ ನಡೆದಿತ್ತು. 1911ರ ಜನವರಿಯಲ್ಲಿ ಹಡಗಿನಿಂದ ಇಳಿಸುವಾಗಲೇ ಒಂದು ಮಂಜುಗಡ್ಡೆ ಒಡೆದು ಸಮುದ್ರದ ಪಾಲಾಯಿತು. ಉಳಿದೆರಡು ಅಕ್ಟೋಬರ್ 24ರಂದು ಸಾಮಾನು ಎಳೆಯುತ್ತ ಹೊರಟವು. ನವೆಂಬರ್ ಮೊದಲ ದಿನಗಳ ಹೊತ್ತಿಗೆ ಎರಡೂ ನಿಂತುಹೋದವು. ಜೊತೆಯಲ್ಲಿದ್ದ ನಾಲ್ವರು ಹೊರೆಯನ್ನು ತಾವೇ ಎಳೆದುಕೊಂಡು ಮುಂದೆ ನಡೆದರು.

ಎಂಜಿನ್ನುಗಳು ಕೆಟ್ಟದ್ದು ಚಳಿಯಿಂದಲ್ಲ, ಮುಖ್ಯವಾಗಿ ಬಿಸಿಯಿಂದ! ಅವು ಗಾಳಿಯಿಂದ ತಣಿಯುವ ನಾಲ್ಕು ಸಿಲಿಂಡರಿನ ಎಂಜಿನ್ನುಗಳು. ಗಾಳಿಗೆ ಎದುರಾಗಿದ್ದ ಮುಂದಿನ ಸಿಲಿಂಡರು ತಣ್ಣಗಿರುತ್ತಿತ್ತು, ಹಿಂದಿನವು ವಿಪರೀತ ಕಾಯುತ್ತಿದ್ದವು. ಆರಲೆಂದು ನಿಲ್ಲಿಸಿದರೆ ಕಾರ್ಬುರೇಟರ್ ತೀರ ತಣ್ಣಗಾಗಿ ಮತ್ತೆ ಓಡಿಸುವುದೇ ಕಷ್ಟ. ಕೊನೆಗೆ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ಬೇರಿಂಗುಗಳು ಒಡೆದವು.

ಇದನ್ನು ಸರಳ ಲೆಕ್ಕದಿಂದ ಅರ್ಥಮಾಡಿಕೊಳ್ಳಬಹುದು. ಸಿಲಿಂಡರಿನ ಹೊರಮೈ 200 ಡಿಗ್ರಿ ಸೆ. ಇದೆಯೆಂದುಕೊಳ್ಳೋಣ. ಸುತ್ತಲಿನ ಗಾಳಿ 30 ಡಿಗ್ರಿ ಇದ್ದರೆ ತಾಪದ ಅಂತರ 170. ಗಾಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೆ 220. ಅಂತರ ಹೆಚ್ಚಿದ್ದು ಶೇಕಡ 30ರಷ್ಟು ಮಾತ್ರ. ಪೂರ್ಣ ಹೊರೆ ಎಳೆಯುತ್ತ ನಿಧಾನವಾಗಿ ಸಾಗುವ ಗಾಡಿಯ ಎಂಜಿನ್ನಿಗೆ ತಗಲುವ ಗಾಳಿಯೇ ಕಡಿಮೆ. ಹೀಗಾಗಿ ಚಳಿಯಿಂದ ಸಿಕ್ಕ ಲಾಭ ಸಾಲದೆ ಹೋಗುತ್ತದೆ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಎಂಜಿನ್ ಸೋತಿತು, ಆದರೆ ಹಿಮದ ಮೇಲೆ ಸುತ್ತುವ ಪಟ್ಟಿಯ ತತ್ತ್ವ ಸೋಲಲಿಲ್ಲ. ಮುಂದಿನವರು ಬೆಳೆಸಿದ್ದು ಅದನ್ನೇ.

ಬೊಂಬಾರ್ಡಿಯೆ ಸಾಧನೆ

ಕೆನಡಾದ ಕ್ವಿಬೆಕ್ ಪ್ರಾಂತದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ (1907-1964) ತನ್ನ 15ನೆಯ ವಯಸ್ಸಿನಲ್ಲಿ, 1922ರಲ್ಲಿ, ಹಳೆಯ ಫೋರ್ಡ್ ಕಾರಿನ ಎಂಜಿನ್ನಿಗೆ ಮರದ ಪಂಖ ಜೋಡಿಸಿ ಜಾರುಬಂಡಿಯನ್ನು ಓಡಿಸಿದನು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಕಾಯಿಲೆಯಾಯಿತು. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಮುಂದೆ 1937ರಲ್ಲಿ ಹಲ್ಲುಚಕ್ರ ಮತ್ತು ಪಟ್ಟಿಯ ವ್ಯವಸ್ಥೆಗೆ ಪೇಟೆಂಟ್ ದೊರೆಯಿತು. ಏಳು ಜನ ಕೂರುವ ಅವನ ವಾಹನ ವೈದ್ಯರಿಗೂ ಅಂಚೆಯವರಿಗೂ ಆಸರೆಯಾಯಿತು.

ಒಬ್ಬಿಬ್ಬರಿಗೆ ಸಾಕಾಗುವ ಸಣ್ಣ ವಾಹನಕ್ಕೆ ಮಾತ್ರ ಹಗುರ ಎಂಜಿನ್ ಸಿಗುವವರೆಗೆ ಕಾಯಬೇಕಾಯಿತು. 'ಸ್ಕಿ-ಡೂ' ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ನಂತರದ ದಶಕದಲ್ಲಿ ಆಸ್ಟ್ರಿಯದ ರೋಟಾಕ್ಸ್ ಟೂ ಸ್ಟ್ರೋಕ್ ಎಂಜಿನ್ನುಗಳು ಅದರ ಜೀವಾಳವಾದವು.

ಚಳಿ ಹೆಚ್ಚಿದರೆ ಪಿಸ್ಟನ್ ಕರಗುವುದೇ?

ಮೈಸೂರಿನಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಬಲ್ಲವರಿಗೆ ಟೂ ಸ್ಟ್ರೋಕ್ ಎಂಜಿನ್ ಪರಿಚಿತ. ಪೆಟ್ರೋಲಿನೊಂದಿಗೆ ಬೆರೆತ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗುಗಳಿಗೂ ಜಾರಿಕೆ ಒದಗಿಸುತ್ತದೆ. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ.

ಗಾಳಿಯ ಸಾಂದ್ರತೆ ನಿರಪೇಕ್ಷ ತಾಪಕ್ಕೆ ವಿಲೋಮವಾಗಿರುತ್ತದೆ. 15 ಡಿಗ್ರಿಯಿಂದ (288 ಕೆಲ್ವಿನ್) ಸೊನ್ನೆಗಿಂತ 30 ಡಿಗ್ರಿ ಕೆಳಗೆ (243 ಕೆಲ್ವಿನ್) ಇಳಿದಾಗ ಗಾಳಿಯ ಸಾಂದ್ರತೆ ಶೇಕಡ 18ರಷ್ಟು ಏರುತ್ತದೆ. ಹಳೆಯ ಬಗೆಯ ಕಾರ್ಬುರೇಟರ್ ಇದಕ್ಕೆ ತಕ್ಕಷ್ಟು ಪೆಟ್ರೋಲನ್ನು ಹೆಚ್ಚಿಸಲಾರದು. ಪೂರ್ಣ ವೇಗದಲ್ಲಿ ಮಿಶ್ರಣ ತೆಳುವಾದರೆ ಪಿಸ್ಟನ್ ಮಿತಿಮೀರಿ ಕಾಯುತ್ತದೆ. ಅದರ ತಲೆ ಕರಗಿ ತೂತಾಗಲೂಬಹುದು. ಕ್ರ್ಯಾಂಕ್ ಶಾಫ್ಟಿನ ಸೀಲು ಸವೆದು ಹೊರಗಾಳಿ ಒಳನುಗ್ಗಿದರೂ ಪರಿಣಾಮ ಇದೇ.

ಇನ್ನೊಂದು ಅಪಾಯ ಉಷ್ಣ ವಿಸ್ತರಣೆಯದು. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎಂಜಿನ್ ಹದವಾಗಿ ಬಿಸಿಯಾಗುವ ಮೊದಲೇ ವೇಗ ಏರಿಸಿದರೆ, ಪಿಸ್ಟನ್ ಬೇಗ ಹಿಗ್ಗಿ ಇನ್ನೂ ತಣ್ಣಗಿರುವ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ.

ಕೊಳ್ಳುವವನ ತೀರ್ಮಾನ

ಆದ್ದರಿಂದ ಕೊಳ್ಳುವವನು ಎಂಜಿನ್ ಚಾಲೂ ಆಗುತ್ತದೆಯೇ ಎಂದಷ್ಟೇ ನೋಡಿದರೆ ಸಾಲದು. ಸ್ಪಾರ್ಕ್ ಪ್ಲಗ್ ತೆಗೆದು, ಅಲ್ಲಿ ಒತ್ತಡಮಾಪಕ ಕೂರಿಸಿ, ಥ್ರಾಟಲನ್ನು ಪೂರ್ತಿ ತೆರೆದು ಹಗ್ಗ ಎಳೆಯಬೇಕು. ಎರಡು ಸಿಲಿಂಡರುಗಳ ಸಂಪೀಡನ ಒತ್ತಡದಲ್ಲಿ ಶೇಕಡ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನಿಸಬೇಕು. ಪಿಸ್ಟನ್ ಸುಟ್ಟಿದೆಯೆಂದು ತಿಳಿದರೂ ಕೆಲಸ ಮುಗಿಯಲಿಲ್ಲ. ಸುಟ್ಟದ್ದೇಕೆ ಎಂದು ಕೇಳಬೇಕು. ಸವೆದ ಸೀಲನ್ನೋ ಕಟ್ಟಿಕೊಂಡ ಜೆಟ್ಟನ್ನೋ ಹಾಗೆಯೇ ಬಿಟ್ಟು ಹೊಸ ಪಿಸ್ಟನ್ ಹಾಕಿದರೆ, ಅದೂ ಸುಡುತ್ತದೆ.

ಕಾರಣ ಗೊತ್ತಾಗಿ, ರಿಪೇರಿಯ ಖರ್ಚು ಸೇರಿಸಿದರೂ ಬೆಲೆ ಸುಸ್ಥಿತಿಯ ಗಾಡಿಯ ಬೆಲೆಗಿಂತ ಸಾಕಷ್ಟು ಕಡಿಮೆಯಿದ್ದರೆ ಕೊಳ್ಳಬಹುದು. ಕಾರಣ ಗೊತ್ತಾಗದಿದ್ದರೆ ಬಿಡುವುದೇ ಜಾಣತನ. ಜನವಸತಿಯಿಂದ ದೂರದ ಹಿಮದಲ್ಲಿ ಎಂಜಿನ್ ನಿಂತರೆ ಸವಾರನ ಮುಂದಿರುವ ದಾರಿ, ಸ್ಕಾಟನ ನಾಲ್ವರು ಹಿಡಿದದ್ದೇ: ನಡೆಯುವುದು.